ಗುಡ್ಡದ ಮೇಲಿನ ಎರಡು ಕಡ್ಡಿ

ಶಾಲೆಯ ಮಕ್ಕಳಿಗೆ ವಾಟ್ಸ್ಯಾಪು, ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು ಬೇಕೋ ಬೇಡವೋ ಎಂಬ ಮಾತು ನಮ್ಮ ಸಾಗರದ ಮಹಿಳಾ ಮಂಡಲದಲ್ಲಿ ಆಗಾಗ ಬರುತ್ತದೆ. ‘ಬೇಡವೇ ಬೇಡ’ ಎಂದು ಎಲ್ಲರೂ ಒಟ್ಟಿಗೇ ಹೇಳುತ್ತಾರೆ. ಆಮೇಲೆ ಎಲ್ಲರೂ ತಮ್ಮ ತಮ್ಮ ಮೊಬೈಲು ನೋಡಿಕೊಳ್ಳುತ್ತಾರೆ! ನನಗೆ ಮಾತ್ರ ಆಗ ಹೊಸನಗರ ತಾಲ್ಲೂಕಿನ ನನ್ನ ತವರುಮನೆಯ ಹಿಂದಿನ ಗುಡ್ಡ ನೆನಪಾಗುತ್ತದೆ.

ಅದು 2020ರ ಮಳೆಗಾಲ. ಕೊರೋನಾದಿಂದ ಶಾಲೆಗೆ ಬೀಗ ಬಿದ್ದಿತ್ತು. ತಮ್ಮನ ಮಗಳು ಒಂಬತ್ತನೆಯ ತರಗತಿ. ಪಾಠ, ನೋಟ್ಸು, ಹೋಂವರ್ಕು ಎಲ್ಲವೂ ಮೇಷ್ಟರು ಮಾಡಿದ ವಾಟ್ಸ್ಯಾಪ್ ಗ್ರೂಪಿಗೆ ಬಂದು ಬೀಳುತ್ತಿದ್ದವು. ಮನೆಯಲ್ಲಿ ಸಿಗ್ನಲ್ ಇಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮೊಬೈಲು. ಕಾಲಿಗೆ ಉಂಬಳ ಹತ್ತಿಸಿಕೊಂಡು ಗುಡ್ಡ ಹತ್ತುತ್ತಿದ್ದಳು. ‘ಇಲ್ಲಿ ಎರಡು ಕಡ್ಡಿ ಸಿಗತ್ತೆ ಅತ್ತೆ’ ಎಂದು ಒಂದು ಬಂಡೆ ತೋರಿಸಿದ್ದಳು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಲ್ಲಿ ಪಾಠ ಕೇಳುವ ಮಗಳಿಗೆ ತಂದೆಯೊಬ್ಬರು ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರ ಪತ್ರಿಕೆಗಳಲ್ಲಿ ಬಂತಲ್ಲ, ನಮ್ಮ ಕಡೆ ಅದು ದಿನದ ಕಥೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗೆ ಊರುಗಳನ್ನೇ ಕೊಟ್ಟು ನಾಡಿಗೆ ಬೆಳಕು ಕೊಟ್ಟ ಸೀಮೆಯಿದು. ಒಂದು ಟವರಿಗಾಗಿ ಕಾಯುತ್ತಿತ್ತು. ಆ ವರ್ಷದ ಕೊನೆಗೆ ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಕೂಗೂ ಎದ್ದಿತು.

ತಮಾಷೆಯೆಂದರೆ, ಶಾಲೆಗೆ ಮೊಬೈಲ್ ತರಕೂಡದೆಂದು ಸರ್ಕಾರ 2007ರಲ್ಲೇ ಹೇಳಿತ್ತು. 2020ರ ಜೂನ್‌ನಲ್ಲಿ ಐದನೆಯ ತರಗತಿವರೆಗೆ ಆನ್‌ಲೈನ್ ಪಾಠವೇ ಬೇಡವೆಂದಿತು. ಜುಲೈನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ಹಾಕಿತು. ಅಂತೂ ನಾವು ಮಕ್ಕಳ ಕೈಗೆ ಮೊಬೈಲ್ ಕೊಟ್ಟಿದ್ದು ಪಾಠಕ್ಕೆಂದೇ. ಕೊಟ್ಟವರು ಅದರ ನಡೆನುಡಿಯನ್ನು ಮಾತ್ರ ಹೇಳಿಕೊಡಲಿಲ್ಲ.

ಮೇಷ್ಟರ ಗ್ರೂಪಿನ ಪಕ್ಕದಲ್ಲೇ ಮೇಷ್ಟರಿಲ್ಲದ ಗ್ರೂಪೊಂದು ಹುಟ್ಟಿತು. ಮಕ್ಕಳಲ್ಲವೆ! ಶಾಲೆ ಮತ್ತೆ ತೆರೆದ ಮೇಲೆ, ಒಂದು ಸಂಜೆ ಹುಡುಗಿಯೊಬ್ಬಳ ಫೋಟೋದ ಕೆಳಗೆ ಯಾರೋ ಕೊಳಕು ಸಾಲು ಬರೆದು ಹಾಕಿದ. ರಾತ್ರಿಯೊಳಗೆ ಅದು ಮೂರು ಊರು ಸುತ್ತಿತು. ಮರುದಿನ ಶಾಲೆಯಲ್ಲಿ ಪೋಷಕರ ಸಭೆ. ಹುಡುಗರಿಗೆ ಬೈಗುಳ, ಹುಡುಗಿಯರ ಮೊಬೈಲಿಗೆ ಬೀರುವಿನ ಬೀಗ. ನನ್ನ ತಮ್ಮನೂ ಹಾಗೇ ಮಾಡಿದ. ತೀರ್ಥಹಳ್ಳಿಯ ಗೆಳತಿಯೊಬ್ಬಳ ಜೊತೆ ದಿನವೂ ಲೆಕ್ಕ ಬಿಡಿಸಿ ಕಳಿಸಿಕೊಳ್ಳುತ್ತಿದ್ದಳು ನಮ್ಮ ಹುಡುಗಿ, ಅದೂ ನಿಂತಿತು.

ನನಗೆ ನನ್ನ ಹಾಸ್ಟೆಲ್ ನೆನಪಾಯಿತು. 1985ರ ಸುಮಾರು. ನಮಗೆ ಬಂದ ಇನ್‌ಲ್ಯಾಂಡ್ ಪತ್ರವನ್ನು ವಾರ್ಡನ್ ಒಡೆದು ಓದಿಯೇ ಕೊಡುತ್ತಿದ್ದರು. ಅಮ್ಮ ಬರೆದ ಹಲಸಿನ ಹಪ್ಪಳದ ಸುದ್ದಿಯೂ ಅವರ ಕಣ್ಣು ದಾಟಿ ಬರಬೇಕು. ಹುಡುಗರ ಹಾಸ್ಟೆಲ್ಲಿನಲ್ಲಿ ಯಾರೂ ಪತ್ರ ಒಡೆಯುತ್ತಿರಲಿಲ್ಲ. ಅಜ್ಜಿಯ ಕಾಲದಲ್ಲಿ ಹೆಣ್ಣುಮಕ್ಕಳು ಕಾದಂಬರಿ ಹಿಡಿದರೆ ಹಾಳಾಗುತ್ತಾರೆ ಎನ್ನುತ್ತಿದ್ದರಂತೆ. ತೀರ್ಥಹಳ್ಳಿಯಲ್ಲಿ ಹುಟ್ಟಿ, ಹನ್ನೆರಡಕ್ಕೇ ಮದುವೆಯಾಗಿ ಶಾಲೆ ಬಿಟ್ಟ ಎಂ.ಕೆ. ಇಂದಿರಾ ಅವರ ‘ತುಂಗಭದ್ರಾ’ ಹೊರಬಂದಿದ್ದು 1963ರಲ್ಲಿ, ಅವರಿಗೆ ನಲವತ್ತು ದಾಟಿದ ಮೇಲೆ.

ಹಾಗೆಂದು ಎಲ್ಲವೂ ಇರಲಿ ಎನ್ನುವವಳು ನಾನಲ್ಲ. ಕಾದಂಬರಿ ನಮ್ಮ ಫೋಟೋ ಊರಿಗೆಲ್ಲ ಹಂಚುತ್ತಿರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟು ಶಾಲಾ ಮಕ್ಕಳಿಗೆ ಸಾಮಾಜಿಕ ಜಾಲತಾಣ ನಿಷೇಧಿಸಿದರೆ ಒಳ್ಳೆಯದೆಂದಿತು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಹದಿನಾರರ ಒಳಗಿನವರಿಗೆ ಖಾತೆ ಇಲ್ಲ. ತಡೆಯದಿದ್ದರೆ ದಂಡ ಕಂಪನಿಗೆ, ಮಕ್ಕಳಿಗಲ್ಲ. ಅದು ನನಗೆ ಹಿಡಿಸಿತು. ಪಾಠದ ಹೊತ್ತಿಗೆ ಮೊಬೈಲು ಬೇಡ, ಸರಿ. ಬೀಗ ಹಾಕುವುದಾದರೆ ಇಬ್ಬರಿಗೂ ಹಾಕಿ. ಅದರ ಜೊತೆಗೆ ಇಂಥ ಫೋಟೋ ಬಂದರೆ ಮುಂದೆ ಕಳಿಸಬಾರದು, ಯಾರಿಗೆ ಹೋಗಿ ಹೇಳಬೇಕು ಎಂಬುದನ್ನು ಒಂದು ಪೀರಿಯಡ್ ಕೂರಿಸಿ ಹೇಳಿಕೊಡಬಾರದೆ? ರಂಗೋಲಿ ಸ್ಪರ್ಧೆಗೆ ಅರ್ಧ ದಿನ ಬಿಡುತ್ತಾರಪ್ಪ.

ಕಳೆದ ದೀಪಾವಳಿಗೆ ತವರಿಗೆ ಹೋಗಿದ್ದೆ. ಸೊಸೆ ಈಗ ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿದ್ದಾಳೆ. ಗೋಪೂಜೆಗೆ ಹೂವು ಕಟ್ಟುತ್ತ ಕೂತಾಗ, ಆ ಫೋಟೋದ ಹುಡುಗಿ ಏನಾದಳು ಎಂದು ಕೇಳಿದೆ.

‘ಎಸ್ಸೆಸ್ಸೆಲ್ಸಿ ಆದಮೇಲೆ ಅವಳನ್ನ ಓದಿಸಲಿಲ್ಲ ಅತ್ತೆ’ ಎಂದಳು. ದಾರ ಎಳೆದು ಗಂಟು ಹಾಕಿ, ‘ಹಾಕಿದವನು ಇಂಜಿನಿಯರಿಂಗ್ ಓದ್ತಿದಾನೆ’ ಎಂದಳು.