ಗಾಳಿಗೂ ಕರೆಗೂ ಗಡಿಯಿಲ್ಲ: ನಾರ್ಡಿಕ್ ನೆರೆಹೊರೆಯವರ ಕಥೆ

1991ರ ಜುಲೈ 1. ಕೆಲವೇ ತಿಂಗಳ ಹಿಂದೆ ಫಿನ್ಲೆಂಡಿನ ಪ್ರಧಾನಿ ಹುದ್ದೆಯಿಂದ ಇಳಿದಿದ್ದ ಹ್ಯಾರಿ ಹೋಲ್ಕೆರಿ, ಹೆಲ್ಸಿಂಕಿಯಿಂದ ತಾಂಪೆರೆ ನಗರದ ಉಪಮೇಯರ್ ಕಾರಿನಾ ಸುವೊನಿಯೊ ಅವರಿಗೆ ಒಂದು ಫೋನ್ ಕರೆ ಮಾಡಿದರು. ಜಗತ್ತಿನ ಮೊದಲ ಜಿಎಸ್‌ಎಂ ಕರೆ ಎಂದು ಇತಿಹಾಸದಲ್ಲಿ ದಾಖಲಾಗಿರುವುದು ಇದೇ. ನಾಲ್ಕು ವರ್ಷಗಳ ನಂತರ, 1995ರ ಜುಲೈ 31ರಂದು, ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಂ ಅವರಿಗೆ ಭಾರತದ ಮೊದಲ ಮೊಬೈಲ್ ಕರೆ ಮಾಡಿದ್ದೂ ಜಿಎಸ್‌ಎಂನಲ್ಲೇ. ನಮ್ಮೂರಿನ ಅಂಗಡಿಗಳಲ್ಲಿ ಸಿಮ್ ಕಾರ್ಡು ಮಾರಾಟಕ್ಕೆ ಬಂದದ್ದು ಇದೇ ದಾರಿಯಲ್ಲಿ.

ಆ ದಾರಿ ಶುರುವಾಗುವುದು ಎಲ್ಲಿಂದ? ಹುಡುಕುತ್ತಾ ಹೋದರೆ ನಾರ್ವೆಯ ಉತ್ತರ ಭಾಗಕ್ಕೆ, ಲೊಫೋಟೆನ್ ದ್ವೀಪಗಳ ಒಂದು ಮೀನುಗಾರರ ಊರಿಗೆ ತಲುಪುತ್ತೇವೆ. 1969ರಲ್ಲಿ ಅಲ್ಲಿನ ಕಾಬೆಲ್ವೋಗ್‌ನಲ್ಲಿ ನಾರ್ಡಿಕ್ ದೇಶಗಳ ದೂರಸಂಪರ್ಕ ಇಲಾಖೆಗಳವರು ಸಭೆ ಸೇರಿದ್ದರು. ಆಗ ಒಂದೊಂದು ದೇಶದ್ದೂ ಒಂದೊಂದು ಬಗೆಯ ಕಾರ್ ಫೋನ್. ಸ್ವೀಡನ್ 1956ರಲ್ಲೇ ತಂದಿದ್ದ ಫೋನಿನ ಉಪಕರಣ ಸುಮಾರು 40 ಕಿಲೋ ತೂಗುತ್ತಿತ್ತು. ಗಡಿ ದಾಟಿದರೆ ಯಾವ ಫೋನೂ ಕೆಲಸಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ಸೇರಿ ಒಂದೇ ವ್ಯವಸ್ಥೆ ರೂಪಿಸೋಣ ಎಂದು ತೀರ್ಮಾನಿಸಿ, ಜಂಟಿ ತಂಡವೊಂದನ್ನು ಕಟ್ಟಿದರು.

ಒಗ್ಗೂಡದೆ ಅವರಿಗೆ ಬೇರೆ ದಾರಿಯೂ ಇರಲಿಲ್ಲ. 1981ರಲ್ಲಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಫಿನ್ಲೆಂಡ್, ಐಸ್ಲೆಂಡ್ ಐದೂ ಸೇರಿದರೆ ಜನಸಂಖ್ಯೆ ಸುಮಾರು 2.2 ಕೋಟಿ. ಅದೇ ವರ್ಷದ ಜನಗಣತಿಯಲ್ಲಿ ನಮ್ಮ ಕರ್ನಾಟಕ ಒಂದರದ್ದೇ 3.7 ಕೋಟಿ. ಅಷ್ಟು ಸಣ್ಣ ಮಾರುಕಟ್ಟೆಯನ್ನು ಮತ್ತೆ ಐದು ತುಂಡು ಮಾಡಿದರೆ ಯಾವ ಕಂಪನಿ ತಾನೇ ಅಗ್ಗದ ಫೋನು ತಯಾರಿಸೀತು?

ಹನ್ನೆರಡು ವರ್ಷಗಳ ಆ ಕೆಲಸದ ಫಲವೇ ಎನ್‌ಎಂಟಿ, ಅಂದರೆ ನಾರ್ಡಿಕ್ ಮೊಬೈಲ್ ಟೆಲಿಫೋನ್. 1981ರ ಅಕ್ಟೋಬರಿನಲ್ಲಿ ಸ್ವೀಡನ್, ನವೆಂಬರಿನಲ್ಲಿ ನಾರ್ವೆ, ಮರುವರ್ಷ ಡೆನ್ಮಾರ್ಕ್ ಮತ್ತು ಫಿನ್ಲೆಂಡ್ ಇದನ್ನು ಶುರುಮಾಡಿದವು. ಓಸ್ಲೋದಲ್ಲಿ ಕೊಂಡ ಫೋನು ಸ್ಟಾಕ್‌ಹೋಮಿನಲ್ಲಿಯೂ ರಿಂಗಣಿಸತೊಡಗಿತು. ನಾವು ಇಂದು ರೋಮಿಂಗ್ ಎನ್ನುವುದು ಅಲ್ಲಿ ಮೊದಲ ದಿನಗಳಿಂದಲೇ ವ್ಯವಸ್ಥೆಯ ಭಾಗವಾಗಿತ್ತು.

ಅದಕ್ಕಿಂತಲೂ ದೊಡ್ಡ ತೀರ್ಮಾನ ಇನ್ನೊಂದಿತ್ತು. ಫೋನು ಮತ್ತು ಜಾಲ ಹೇಗೆ ಮಾತಾಡಿಕೊಳ್ಳಬೇಕು ಎಂಬ ತಾಂತ್ರಿಕ ನಿಯಮಗಳನ್ನು ಅವರು ಯಾರದೋ ಒಬ್ಬರ ಸ್ವತ್ತಾಗಲು ಬಿಡದೆ ಎಲ್ಲರಿಗೂ ತೆರೆದಿಟ್ಟರು. ಸ್ವೀಡನ್ನಿನ ಎರಿಕ್ಸನ್, ಮುಂದೆ ನೋಕಿಯಾದಲ್ಲಿ ಸೇರಿಹೋದ ಫಿನ್ಲೆಂಡಿನ ಮೊಬಿರಾ, ಡೆನ್ಮಾರ್ಕಿನ ಸ್ಟೋರ್ನೋ, ಜೊತೆಗೆ ಜಪಾನಿನ ಕಂಪನಿಗಳು, ಎಲ್ಲವೂ ಅದೇ ನಿಯಮ ಓದಿಕೊಂಡು ಸ್ಪರ್ಧೆಗಿಳಿದವು. 1982ರ ಮೊಬಿರಾ ಸೆನೇಟರ್ ಸುಮಾರು 10 ಕಿಲೋ ಇದ್ದರೆ, 1987ರ ಹೊತ್ತಿಗೆ ಒಂದು ಕಿಲೋಗಿಂತ ಕಡಿಮೆ ತೂಕದ ಮೊಬಿರಾ ಸಿಟಿಮನ್ ಕೈಗೆ ಬಂತು.

1982ರಲ್ಲಿ ನಾರ್ಡಿಕ್ ದೇಶಗಳು ಮತ್ತು ನೆದರ್‌ಲ್ಯಾಂಡ್ಸ್ ಸೇರಿ, ಇದೇ ಕೆಲಸವನ್ನು ಇಡೀ ಯುರೋಪಿಗೆ ಮಾಡೋಣ ಎಂದು ಪ್ರಸ್ತಾಪ ಇಟ್ಟವು. ಯುರೋಪಿನ ಅಂಚೆ ಮತ್ತು ದೂರಸಂಪರ್ಕ ಇಲಾಖೆಗಳ ಒಕ್ಕೂಟ ಇದಕ್ಕಾಗಿ ಒಂದು ಸಮಿತಿ ಮಾಡಿತು. ಸಮಿತಿಯ ಅಧ್ಯಕ್ಷರಾದದ್ದು ಎನ್‌ಎಂಟಿಯಲ್ಲಿ ಪಳಗಿದ್ದ ಎಂಜಿನಿಯರ್ ಥಾಮಸ್ ಹೌಗ್. ಆ ಸಮಿತಿಯ ಫ್ರೆಂಚ್ ಹೆಸರಿನ ಮೊದಲಕ್ಷರಗಳೇ ಜಿಎಸ್‌ಎಂ. 1987ರ ಸೆಪ್ಟೆಂಬರಿನಲ್ಲಿ 13 ದೇಶಗಳ ದೂರಸಂಪರ್ಕ ಸಂಸ್ಥೆಗಳು ಕೋಪನ್‌ಹೇಗನ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಹೋಲ್ಕೆರಿಯವರ ಕರೆ ಬಂದದ್ದು ಆಮೇಲೆ.

ಇದೇ ನೆರೆಹೊರೆಯಲ್ಲಿ ವಿದ್ಯುತ್ತಿನ ಕಥೆಯೂ ಹೆಚ್ಚುಕಡಿಮೆ ಹೀಗೇ ಸಾಗಿತು. ಆದರೆ ಅದು ಶುರುವಾದದ್ದು ಒಂದು ಹಳ್ಳಿಯ ಶಾಲೆಯಿಂದ.

ಡೆನ್ಮಾರ್ಕಿನ ಆಸ್ಕೋವ್‌ನಲ್ಲಿ ರೈತರ ಮಕ್ಕಳಿಗಾಗಿ ಒಂದು ಜನಪದ ಪ್ರೌಢಶಾಲೆ ಇತ್ತು. ಅಲ್ಲಿನ ಮೇಷ್ಟ್ರು ಪೌಲ್ ಲಾ ಕೂರ್ 1891ರಲ್ಲಿ ಸರ್ಕಾರದ ನೆರವಿನಿಂದ ಗಾಳಿಯಂತ್ರ ನಿಲ್ಲಿಸಿ ಕರೆಂಟು ತೆಗೆದರು. ಗಾಳಿ ನಿಂತಾಗ ಏನು ಮಾಡುವುದು ಎಂಬ ಪ್ರಶ್ನೆ ಅವರಿಗೂ ಎದುರಾಯಿತು. ಆ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡಿ ಕೂಡಿಟ್ಟು, ಅದರಿಂದ ಶಾಲೆಯ ದೀಪ ಉರಿಸಿದರು. 1904ರಿಂದ ಹಳ್ಳಿ ಹುಡುಗರಿಗೆ ವಿದ್ಯುತ್ ಕೆಲಸದ ತರಬೇತಿ ಕೊಟ್ಟರು. ಹಾಗೆ ಕಲಿತವರಲ್ಲಿ ಯೋಹಾನ್ನೆಸ್ ಯೂಲ್ ಎಂಬ ಹುಡುಗನೂ ಇದ್ದ.

ಯೂಲ್ 1957ರಲ್ಲಿ ಗೆಡ್ಸರ್ ಎಂಬಲ್ಲಿ 200 ಕಿಲೋವ್ಯಾಟ್ ಸಾಮರ್ಥ್ಯದ, ಮೂರು ರೆಕ್ಕೆಯ ಗಾಳಿಯಂತ್ರ ಕಟ್ಟಿದರು. ಎರಡನೇ ಮಹಾಯುದ್ಧದ ನಂತರ ಅಮೆರಿಕ ಯುರೋಪಿಗೆ ಕೊಟ್ಟ ಮಾರ್ಷಲ್ ನೆರವಿನ ಹಣವೂ ಅದಕ್ಕೆ ಬಂದಿತ್ತು. ಅದು 1967ರವರೆಗೆ ತಿರುಗಿತು. ತೈಲ ಅಗ್ಗವಾಗಿದ್ದ ಕಾಲ, ಕೇಳುವವರಿಲ್ಲದೆ ನಿಂತುಹೋಯಿತು. 1973ರಲ್ಲಿ ತೈಲ ಬಿಕ್ಕಟ್ಟು ಬಂದಾಗ ಡೆನ್ಮಾರ್ಕಿಗೆ ದಿಗಿಲಾಯಿತು. ದೇಶದ ಇಂಧನದ ಬಹುಪಾಲು ಹೊರಗಿನಿಂದ ಬರುವ ತೈಲವೇ ಆಗಿತ್ತು. ತುಕ್ಕು ಹಿಡಿಯುತ್ತಿದ್ದ ಗೆಡ್ಸರ್ ಯಂತ್ರವನ್ನು ಅಮೆರಿಕದ ಸಹಕಾರದೊಂದಿಗೆ ಮತ್ತೆ ತಿರುಗಿಸಿ ಅಳತೆ ತೆಗೆದುಕೊಂಡರು. ಬಡಗಿಗಳು, ಕಮ್ಮಾರರು, ಕೃಷಿ ಯಂತ್ರ ಮಾಡುತ್ತಿದ್ದ ವೆಸ್ಟಾಸ್‌ನಂಥ ಕಂಪನಿಗಳು ಈ ಕೆಲಸಕ್ಕೆ ಕೈಹಾಕಿದವು.

1980ರ ದಶಕದ ಕೊನೆಯಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಗುಜರಾತಿನ ಲಾಂಬಾ, ತಮಿಳುನಾಡಿನ ಮುಪ್ಪಂದಲ್ ಮತ್ತು ಕಯತ್ತಾರಿನಲ್ಲಿ ಪವನ ವಿದ್ಯುತ್ ಘಟಕಗಳು ಎದ್ದವು. ಇಂದು ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ತಿರುಗುವ ಮೂರು ರೆಕ್ಕೆಗಳನ್ನು ನೋಡುವಾಗ ಅವುಗಳ ವಂಶಾವಳಿಯಲ್ಲಿ ಗೆಡ್ಸರ್ ಕೂಡ ಇದೆ ಎಂದು ನೆನೆಯಬಹುದು.

ಗಾಳಿ ನಿಂತಾಗ ಏನು? ಲಾ ಕೂರ್ ಮೇಷ್ಟ್ರ ಪ್ರಶ್ನೆಗೆ ದೊಡ್ಡ ಮಟ್ಟದ ಉತ್ತರ ಸಿಕ್ಕಿದ್ದು ಪಕ್ಕದ ದೇಶದಲ್ಲಿ. ನಾರ್ವೆಯಲ್ಲಿ ಬೆಟ್ಟಗಳ ಮೇಲೆ ಜಲಾಶಯಗಳಿವೆ. 1976-77ರಲ್ಲಿ ಸ್ಕಾಗೆರಾಕ್ ಸಮುದ್ರದ ತಳದಲ್ಲಿ ಕೇಬಲ್ ಹಾಸಿ ಎರಡೂ ದೇಶಗಳನ್ನು ಜೋಡಿಸಿದರು. ಡೆನ್ಮಾರ್ಕಿನಲ್ಲಿ ಗಾಳಿ ಜೋರಾಗಿದ್ದರೆ ಕರೆಂಟು ನಾರ್ವೆಗೆ ಹೋಗುತ್ತದೆ, ಅಲ್ಲಿ ಜಲಾಶಯದ ನೀರು ಉಳಿಯುತ್ತದೆ. ಗಾಳಿ ಬಿದ್ದಾಗ ಆ ನೀರು ಕರೆಂಟಾಗಿ ಈ ಕಡೆ ಬರುತ್ತದೆ. 1996ರಲ್ಲಿ ನಾರ್ವೆ ಮತ್ತು ಸ್ವೀಡನ್ ವಿದ್ಯುತ್ತಿಗೆ ಒಂದೇ ಮಾರುಕಟ್ಟೆ ಮಾಡಿದವು. ಫಿನ್ಲೆಂಡ್, ಡೆನ್ಮಾರ್ಕ್ ನಂತರ ಸೇರಿದವು. ಡೆನ್ಮಾರ್ಕಿನಲ್ಲಿ ಇಂದು ತಯಾರಾಗುವ ವಿದ್ಯುತ್ತಿನಲ್ಲಿ ಅರ್ಧಕ್ಕೂ ಹೆಚ್ಚು ಗಾಳಿಯದ್ದು. ನೆರೆಯವರ ನೀರಿಲ್ಲದಿದ್ದರೆ ಅದು ಇಷ್ಟು ಸುಲಭವಾಗುತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಚಂದದ ಕಥೆ. ಆದರೆ ಒಪ್ಪಂದದ ಮೇಜಿನಲ್ಲಿ ಕುರ್ಚಿಯೇ ಸಿಗದವರೂ ಅಲ್ಲಿದ್ದರು. ಉತ್ತರದ ಸಾಮಿ ಜನರಲ್ಲಿ ಕೆಲವರದ್ದು ಹಿಮಸಾರಂಗ ಮೇಯಿಸುವ ಬದುಕು. 1979ರಲ್ಲಿ ಆಲ್ಟಾ ನದಿಗೆ ಅಣೆಕಟ್ಟು ಬೇಡವೆಂದು ಸಾಮಿಗಳು ಓಸ್ಲೋದಲ್ಲಿ ಸಂಸತ್ತಿನ ಎದುರು ಉಪವಾಸ ಕೂತರು. 1981ರಲ್ಲಿ ನೂರಾರು ಪೊಲೀಸರು ಬಂದು ಪ್ರತಿಭಟನಕಾರರನ್ನು ಎತ್ತಿ ಹಾಕಿದರು. ಅಣೆಕಟ್ಟು ಕಟ್ಟಿಯೇ ಆಯಿತು. ಆದರೆ ಆ ಹೋರಾಟದಿಂದಾಗಿ 1989ರಲ್ಲಿ ನಾರ್ವೆಯ ಸಾಮಿ ಸಂಸತ್ತು ಹುಟ್ಟಿತು.

ಇಷ್ಟಾದರೂ ತಪ್ಪು ಮರುಕಳಿಸಿತು. ಫೋಸೆನ್ ಪ್ರದೇಶದ ಮೇಯುವ ನೆಲದಲ್ಲಿ ನಾರ್ವೆಯ ಸರ್ಕಾರಿ ಕಂಪನಿ, ಸ್ವಿಸ್ ಮತ್ತು ಜರ್ಮನ್ ಬಂಡವಾಳ, ಡೆನ್ಮಾರ್ಕಿನ ಯಂತ್ರ ಎಲ್ಲ ಸೇರಿ ಪವನ ಘಟಕಗಳನ್ನು ಕಟ್ಟಿದವು. 2021ರ ಅಕ್ಟೋಬರ್ 11ರಂದು ನಾರ್ವೆಯ ಸುಪ್ರೀಂ ಕೋರ್ಟ್ ಸ್ಟೊರ್‌ಹೈಯಾ ಮತ್ತು ರೋವಾನ್ ಘಟಕಗಳ ಪರವಾನಗಿ ಅಸಿಂಧು ಎಂದಿತು. ಸಾಮಿಗಳ ಸಾಂಸ್ಕೃತಿಕ ಹಕ್ಕಿಗೆ ಅದರಿಂದ ಧಕ್ಕೆಯಾಗಿದೆ ಎಂದು ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ಹೇಳಿದರು. ತೀರ್ಪು ಬಂದು 500 ದಿನ ಕಳೆದರೂ ರೆಕ್ಕೆಗಳು ತಿರುಗುತ್ತಲೇ ಇದ್ದವು. 2023ರ ಫೆಬ್ರುವರಿಯಲ್ಲಿ ಸಾಮಿ ಯುವಜನರು ಓಸ್ಲೋದ ಸಚಿವಾಲಯಗಳ ಬಾಗಿಲಿಗೆ ಅಡ್ಡ ಕೂತರು. ಕೊನೆಗೆ ಪಶುಪಾಲಕರೊಂದಿಗೆ ರಾಜಿ ಒಪ್ಪಂದಗಳಾದವು. ಯಂತ್ರಗಳು ಅಲ್ಲೇ ಉಳಿದವು.

ನಾರ್ಡಿಕ್ ದೇಶಗಳಲ್ಲಿ ಹೊಸ ಯಂತ್ರ ಬರುವ ಮುಂಚೆ ಜನ ಕೂತು ಮಾತಾಡಿದ್ದರು ಎಂಬುದು ಈ ಇತಿಹಾಸದ ದೊಡ್ಡ ಪಾಠ. ಮಾತಾಡಿದ ಕಡೆ ಸಣ್ಣ ದೇಶಗಳು ಜಗತ್ತಿಗೇ ಫೋನು ಕೊಟ್ಟವು. ನೆಲದವರನ್ನು ಬಿಟ್ಟು ಮಾತಾಡಿದ ಕಡೆ, ಯಂತ್ರ ನಿಂತ ಮೇಲೆ ಕೋರ್ಟಿನಲ್ಲಿ ಮಾತಾಡಬೇಕಾಯಿತು. ಗಾಳಿಯ ಬಗ್ಗೆ, ಟವರಿನ ಬಗ್ಗೆ ವರದಿ ಬರೆಯುವ ನಾವು ಮೆಗಾವ್ಯಾಟ್ ಎಷ್ಟು, ಬಂಡವಾಳ ಎಷ್ಟು ಎಂದು ಕೇಳುತ್ತೇವೆ. ಸಭೆಗೆ ಯಾರನ್ನು ಕರೆದಿದ್ದರು ಎಂದೂ ಒಮ್ಮೆ ಕೇಳೋಣ.