ನಿರ್ವಿವಾದ ಷರತ್ತು (ವಿಮೆ)

ನಿರ್ವಿವಾದ ಷರತ್ತು ಎಂಬುದು ಜೀವ ವಿಮೆ ಹಾಗೂ ವರ್ಷಾಶನ ಒಪ್ಪಂದಗಳಲ್ಲಿ ಕಂಡುಬರುವ ಒಂದು ನಿಬಂಧನೆ. ಇದರ ಪ್ರಕಾರ, ನಿಗದಿತ ಅವಧಿ ಕಳೆದ ಮೇಲೆ ಪ್ರಸ್ತಾವನಾ ಪತ್ರದಲ್ಲಿನ ತಪ್ಪು ಮಾಹಿತಿಯನ್ನು ಮುಂದೊಡ್ಡಿ ವಿಮಾ ಕಂಪನಿಯು ಪಾಲಿಸಿಯನ್ನು ಅಸಿಂಧುವೆನ್ನುವಂತಿಲ್ಲ. ಭಾರತದಲ್ಲಿ ಜೀವ ವಿಮೆಗೆ ಈ ರಕ್ಷಣೆ ದೊರೆಯುವುದು 1938ರ ವಿಮಾ ಕಾಯಿದೆಯ 45ನೇ ಕಲಂನಿಂದ.

ಹಿನ್ನೆಲೆ

ವಿಮೆಯು ಪರಮ ಸದ್ವಿಶ್ವಾಸದ ಒಪ್ಪಂದ. ಆರೋಗ್ಯ, ಉದ್ಯೋಗ ಮೊದಲಾದ ಮಹತ್ವದ ಸಂಗತಿಗಳನ್ನು ಮರೆಮಾಚದೆ ತಿಳಿಸುವುದು ಪ್ರಸ್ತಾವಕನ ಕರ್ತವ್ಯ. ಆದರೆ ಜೀವ ವಿಮೆಯಲ್ಲಿ ವಿವಾದ ಏಳುವುದು ಸಾಮಾನ್ಯವಾಗಿ ವಿಮಾದಾರನ ಮರಣಾನಂತರ. ಹಲವು ವರ್ಷಗಳ ಹಿಂದೆ, ಅನೇಕ ವೇಳೆ ಏಜೆಂಟರೇ ತುಂಬಿದ ಅರ್ಜಿಯ ಉತ್ತರಗಳನ್ನು ಆಗ ಕುಟುಂಬವು ಸಮರ್ಥಿಸಿಕೊಳ್ಳಬೇಕಾಗುತ್ತದೆ. 19ನೇ ಶತಮಾನದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದ ಕೆಲವು ಕಂಪನಿಗಳು ಗ್ರಾಹಕರ ಅಪನಂಬಿಕೆಯನ್ನು ನೀಗಿಸಲು ಈ ಷರತ್ತನ್ನು ತಾವಾಗಿಯೇ ಸೇರಿಸತೊಡಗಿದವು.

45ನೇ ಕಲಂ

ಮೂಲ ಕಲಂನಲ್ಲಿ ಅವಧಿ 2 ವರ್ಷ. ಆನಂತರವೂ ವಂಚನೆಯನ್ನು ಸಾಬೀತುಪಡಿಸಿದರೆ ಕಂಪನಿಗೆ ಪಾಲಿಸಿಯನ್ನು ಪ್ರಶ್ನಿಸುವ ಅವಕಾಶವಿತ್ತು. ಮಿಥೂಲಾಲ್ ನಾಯಕ್ ವಿರುದ್ಧ ಭಾರತೀಯ ಜೀವ ವಿಮಾ ನಿಗಮ (1962) ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಮೂರು ಅಂಶಗಳು ಅಗತ್ಯವೆಂದಿತು: ಹೇಳಿಕೆ ಮಹತ್ವದ ವಿಷಯಕ್ಕೆ ಸಂಬಂಧಿಸಿರಬೇಕು, ಮರೆಮಾಚುವಿಕೆ ವಂಚನೆಯ ಉದ್ದೇಶದ್ದಾಗಿರಬೇಕು, ಅದು ಸುಳ್ಳೆಂದು ಪಾಲಿಸಿದಾರನಿಗೆ ತಿಳಿದಿರಬೇಕು. ಅವಧಿಯನ್ನು ಪಾಲಿಸಿ ಮೊದಲು ಜಾರಿಯಾದ ದಿನದಿಂದಲೇ ಎಣಿಸಬೇಕೆಂದೂ ಅದು ಹೇಳಿತು.

2015ರ ತಿದ್ದುಪಡಿ ಇವೆರಡನ್ನೂ ಬದಲಿಸಿತು. ಈಗ 3 ವರ್ಷಗಳ ನಂತರ ಯಾವ ಕಾರಣಕ್ಕೂ, ವಂಚನೆಯ ಕಾರಣಕ್ಕೂ ಸಹ, ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಆದರೆ ಪಾಲಿಸಿ ನೀಡಿದ, ಅಪಾಯರಕ್ಷಣೆ ಆರಂಭವಾದ, ಪುನರುಜ್ಜೀವನಗೊಂಡ ಅಥವಾ ರೈಡರ್ ಸೇರಿಸಿದ ದಿನಾಂಕಗಳಲ್ಲಿ ಕೊನೆಯದರಿಂದ ಎಣಿಕೆ ಆರಂಭವಾಗುತ್ತದೆ. ಹೀಗಾಗಿ ಪ್ರೀಮಿಯಂ ಕಟ್ಟದೆ ರದ್ದಾದ ಹತ್ತು ವರ್ಷದ ಹಳೆಯ ಪಾಲಿಸಿಯನ್ನು ಪುನರುಜ್ಜೀವನಗೊಳಿಸಿದವರಿಗೆ 3 ವರ್ಷದ ಅವಧಿ ಹೊಸದಾಗಿ ಮೊದಲಾಗುತ್ತದೆ. ಪಾಲಿಸಿದಾರರು ಹೆಚ್ಚಾಗಿ ಗಮನಿಸದ ಅಂಶವಿದು.

ಈ ಅವಧಿಯೊಳಗೆ ಪಾಲಿಸಿಯನ್ನು ಪ್ರಶ್ನಿಸುವ ಕಂಪನಿಯು ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕು. ವಂಚನೆಯಿಲ್ಲದ ತಪ್ಪು ಹೇಳಿಕೆಯ ಕಾರಣಕ್ಕೆ ಪಾಲಿಸಿಯನ್ನು ನಿರಾಕರಿಸಿದರೆ, ಅಲ್ಲಿಯವರೆಗೆ ಸಂಗ್ರಹಿಸಿದ ಪ್ರೀಮಿಯಂ ಮೊತ್ತವನ್ನು 90 ದಿನಗಳೊಳಗೆ ಹಿಂತಿರುಗಿಸಬೇಕು.

ವಯಸ್ಸು ಮತ್ತು ವರ್ಷಾಶನ

ವಯಸ್ಸಿನ ಪುರಾವೆಯನ್ನು ಕಂಪನಿಯು ಯಾವಾಗ ಬೇಕಾದರೂ ಕೇಳಬಹುದು. ಅದರಂತೆ ಒಪ್ಪಂದದ ನಿಬಂಧನೆಗಳನ್ನು ಹೊಂದಿಸುವುದು ಪಾಲಿಸಿಯನ್ನು ಪ್ರಶ್ನಿಸಿದಂತಲ್ಲ. ಜೀವಿತಾವಧಿಯನ್ನೇ ಆಧರಿಸಿದ ವರ್ಷಾಶನದಲ್ಲಿ ವಯಸ್ಸು ತಪ್ಪಾಗಿದ್ದರೆ ಸಾಮಾನ್ಯವಾಗಿ ಒಪ್ಪಂದ ಉಳಿದು, ಪಾವತಿಯ ಮೊತ್ತವಷ್ಟೇ ಬದಲಾಗುತ್ತದೆ.

ಆರೋಗ್ಯ ವಿಮೆ

ಆರೋಗ್ಯ ವಿಮೆಗೆ 45ನೇ ಕಲಂ ಅನ್ವಯಿಸದು. 2024ರ ನಿಯಮಗಳಂತೆ 60 ತಿಂಗಳ ನಿರಂತರ ರಕ್ಷಣೆಯ ಬಳಿಕ ಅದನ್ನೂ ಪ್ರಶ್ನಿಸುವಂತಿಲ್ಲ. ಆದರೆ ಇಲ್ಲಿ ಸಾಬೀತಾದ ವಂಚನೆಗೆ ವಿನಾಯಿತಿ ಇಲ್ಲ.