ಎಂಟೂವರೆಗೆ ಮುಗಿಯುವ ಮಳೆಯ ದಿನ

ರೇಸ್ ಕಾರಿನ ಓಟವನ್ನು ಟೆಲಿಮೆಟ್ರಿ ತಂತ್ರಾಂಶ ‘ಸೆಷನ್’ಗಳಾಗಿ ದಾಖಲಿಸುತ್ತದೆ, ಎಲ್ಲಿ ಶುರು, ಎಲ್ಲಿ ಕೊನೆ ಎಂದು ಗೊತ್ತಿಲ್ಲದಿದ್ದರೆ ಅಂಕಿಗಳು ಬರೀ ಅಂಕಿಗಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮಳೆಯ ದಾಖಲೆಗೂ ಇದೇ ತೊಡಕು. ಹಿಂದೆ ಮಳೆಮಾಪಕ ದಿನಕ್ಕೊಂದೇ ಅಂಕಿ ಕೊಡುತ್ತಿತ್ತು, ಬೆಳಿಗ್ಗೆ 8.30ಕ್ಕೆ ಒಂದು ದಿನ ಮುಗಿದು ಇನ್ನೊಂದು ಶುರು. ದೂರದ ಹೊಲ ಒಣಗಿದ್ದರೂ ಕಡತದಲ್ಲಿ ನೆನೆದಿರುತ್ತಿತ್ತು! ಒಂದೇ ಗಂಟೆ ಸುರಿದು ಹರಿದುಹೋದ 40 ಮಿ.ಮೀ. ಬೇರೆ, ದಿನವಿಡೀ ಜಿನುಗಿದ 40 ಮಿ.ಮೀ. ಬೇರೆ ಎಂಬುದು ಕಡಲೆಕಾಯಿ ಬಿತ್ತಿದವನಿಗೆ ಗೊತ್ತು, ಕಡತಕ್ಕೆ ಗೊತ್ತಿರಲಿಲ್ಲ.

1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಾಪಕಗಳು ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಬರಪೀಡಿತ ಎಂಬ ಘೋಷಣೆ ಮಾತ್ರ ಇನ್ನೂ ತಾಲ್ಲೂಕಿನ ಲೆಕ್ಕದಲ್ಲೇ.